ಅಡುಗೆಮನೆಯ ಅತ್ತೆ

ನಾನು ಕೆಲಸ ಮಾಡುವ ಆಸ್ಪತ್ರೆಗೆ ಹೋದ ತಿಂಗಳು ಯಾರೋ ಪುಣ್ಯಾತ್ಮರು ಹಳೆಯ ಬಟ್ಟೆಗಳ ದೊಡ್ಡದೊಂದು ಗಂಟು ತಂದುಕೊಟ್ಟರು. ಮಕ್ಕಳ ವಾರ್ಡಿಗೆ ಬರುವ ಬಡವರಿಗೆ ಹಂಚಿ ಎಂದರು. ಗಂಟಿನ ಹುರಿ ಕತ್ತರಿಸಿದ್ದೇ ತಡ, ಮೊದಲು ನುಸಿಗುಳಿಗೆಯ ಘಾಟು, ಅದರ ಹಿಂದೆಯೇ ಬೇರೆ ಯಾರದೋ ಮನೆಯ ಸೋಪಿನ ತೆಳು ಪರಿಮಳ, ಅದರ ಹಿಂದೆ ಬಹಳ ದಿನ ಮಡಿಸಿಟ್ಟ ಉಣ್ಣೆಯ ಮುಗ್ಗಲು ವಾಸನೆ ಮೂಗಿಗೆ ಬಡಿದವು. ನಾನು ಮೇಜು ಹಿಡಿದುಕೊಂಡೆ. ಜೊತೆಯ ಸಿಸ್ಟರ್ ಗಾಬರಿಯಾಗಿ ಬಿಪಿ ನೋಡುತ್ತೇನೆ ಎಂದಳು. ಬಿಪಿಯಲ್ಲಿ ಸಿಗುವ ಕಾಯಿಲೆ ಅದಾಗಿರಲಿಲ್ಲ. ನಿಮಗೂ ಇಂಥದೊಂದು ವಾಸನೆ ಇರಬಹುದು, ಅಜ್ಜಿಯ ಪೆಟ್ಟಿಗೆಯದೋ ಅಪ್ಪನ ಅಂಗಿಯದೋ. ಎಲ್ಲರ ಬಾಲ್ಯಕ್ಕೂ ಅವರವರ ಮನೆಯ ವಾಸನೆ ಇರುತ್ತದೆ. ನನ್ನದಕ್ಕೆ ನಾನು ಎಂದೂ ಕಾಣದ ದೇಶದ, ಎಂದೂ ಕಾಲಿಡದ ಮನೆಗಳ ವಾಸನೆ ಇದೆ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ನಡುಭಾಗ. ಹಾಗೆ ಮುಚ್ಚಿದ ಗಿರಣಿಯೊಂದರ ಗೋಡೌನಿನಲ್ಲಿ ನಮ್ಮ ಮನೆಯಿತ್ತು. ಮನೆ ಎನ್ನುತ್ತಿದ್ದವರು ನಾವು ಮಾತ್ರ, ಊರವರ ಬಾಯಲ್ಲಿ ಅದು ಅನಾಥರ ಗೋಡೌನು. ಎತ್ತರದ ತಗಡಿನ ಸೂರು, ಮೂಟೆಗಳು ಒರಗಿ ಒರಗಿ ಜಿಡ್ಡುಗಟ್ಟಿದ ಗೋಡೆ. ಆ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಬೇಸಿಗೆ ಬಂತೆಂದರೆ ಹಳೆಯ ಶೇಂಗಾ ಎಣ್ಣೆ ಹೊರಗೆ ಬೆವರುತ್ತಿತ್ತು. ನಲವತ್ತು ಮಕ್ಕಳು, ನಲವತ್ತು ಚಾಪೆ, ನಲವತ್ತು ಸ್ಟೀಲ್ ತಟ್ಟೆ. ನಡೆಸುತ್ತಿದ್ದವರು ನಿವೃತ್ತಿಯಾದ ಒಬ್ಬ ಶಾಲಾ ಶಿಕ್ಷಕಿ. ಮದುವೆಯಾದವರಲ್ಲ, ತಮಗೆಂದು ಏನೂ ಇಟ್ಟುಕೊಂಡವರಲ್ಲ. ಎಲ್ಲರಿಗೂ ಅವರು ಟೀಚರಮ್ಮ. ಹೊರದೇಶದ ದಾನಿಗಳ ಸಂಘವೊಂದು ನಮ್ಮ ಅನ್ನಕ್ಕೂ ಪುಸ್ತಕಕ್ಕೂ ಹಣ ಕಳಿಸುತ್ತಿತ್ತು. ಅದೇ ಸಂಘ ಯಾವ ಯಾವ ದೇಶದಲ್ಲಿ ಮಕ್ಕಳನ್ನು ಸಾಕುತ್ತಿದೆಯೋ ಅಲ್ಲೆಲ್ಲ ಕೆಂಪು ಶಾಯಿಯ ಚುಕ್ಕೆ ಇಟ್ಟ ಪ್ರಪಂಚದ ನಕಾಶೆಯನ್ನು ಟೀಚರಮ್ಮ ಊಟದ ಪಡಸಾಲೆಯಲ್ಲಿ ತೂಗುಹಾಕಿದ್ದರು. "ಇವರೆಲ್ಲ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗೇರು" ಎನ್ನುತ್ತಿದ್ದರು. ಆಫ್ರಿಕಾದಲ್ಲಿ ಚುಕ್ಕೆಗಳು ಎಷ್ಟಿದ್ದವೆಂದರೆ, ಯಾರೋ ಅಲ್ಲಿ ಸಾರು ಚೆಲ್ಲಿದ್ದಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ವರ್ಷಕ್ಕೊಮ್ಮೆ ಆ ಸಂಘದಿಂದ ಬಟ್ಟೆಯ ಗಂಟು ಬರುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಸ್ವೆಟರುಗಳು. ಚಳ್ಳಕೆರೆಯ ಬಿಸಿಲಿಗೆ ಸ್ವೆಟರು! ಆದರೂ ಫೋಟೋ ತೆಗೆದು ಕಳಿಸುವ ದಿನ ನಾವೆಲ್ಲ ಅವನ್ನು ತೊಟ್ಟು, ಬೆನ್ನಿನ ಮೇಲೆ ಬೆವರು ಇಳಿಯುತ್ತಿದ್ದರೂ ಹಲ್ಲು ಕಿರಿದು ನಿಲ್ಲಬೇಕಿತ್ತು, ಕೊಟ್ಟವರ ಮನಸ್ಸು ನೋಯಬಾರದಲ್ಲ. ಒಂದೊಂದು ಮಗುವಿಗೆ ಅಲ್ಲಿ ಒಬ್ಬೊಬ್ಬ ದಾನಿ ಇದ್ದರು. ನನಗೆ ಇದ್ದವರು ಹೆಲೆನ್ ಎಂಬ ಮುದುಕಿ. ಅವರ ಕಾಗದ ಬಂದಾಗ ಟೀಚರಮ್ಮ ಊಟದ ಹೊತ್ತಿಗೆ ಕನ್ನಡ ಮಾಡಿ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಒಂದು ಸಲ, "ಸ್ವರ್ಗದಲ್ಲಿರುವ ನಿನ್ನ ತಾಯಿ ಪ್ರತಿದಿನ ನಿನ್ನನ್ನು ನೋಡುತ್ತಿರುತ್ತಾಳೆ" ಎಂದು ಓದಿ ಕನ್ನಡಕ ಒರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವಳು ತಲೆ ಎತ್ತದೆ, "ನೋಡ್ತಿರ್ತಾಳೆ ಬಿಡ್ರಿ ಟೀಚರಮ್ಮ, ಎಲ್ಲಿಗೋಗ್ತಾಳೆ" ಎಂದಳು. ಆ ಅಡುಗೆಯವಳೇ ನನ್ನ ತಾಯಿ.

ಇದನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಊರು ದೇವಸಮುದ್ರದ ಕಡೆಯ ಒಂದು ಹಳ್ಳಿ. ಅಪ್ಪ ಬೋರ್‌ವೆಲ್ ಲಾರಿಯ ಜೊತೆ ಪರರಾಜ್ಯಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಪೈಪು ಮೈಮೇಲೆ ಬಿದ್ದು ಸತ್ತ. ನನಗೆ ಆಗ ನಾಲ್ಕು ವರ್ಷ, ಅವನ ಮುಖ ನೆನಪಿಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದಳು. ಕರೆದವರ ಹೊಲದಲ್ಲಿ ಕಳೆ, ಕರೆಯದ ದಿನ ಉಪವಾಸ. ನನ್ನನ್ನು ಹೊಲದ ಬದುವಿನ ಮೇಲೆ ಕೂರಿಸಿ ಕೆಲಸ ಮಾಡುತ್ತಿದ್ದಳು. ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಹಸಿವು ತಾಳದೆ ಬದುವಿನ ಔಡಲ ಗಿಡದ ಕಾಯಿ ಒಡೆದು ಬೀಜಗಳನ್ನು ತಿಂದುಬಿಟ್ಟೆ. ನೋಡಲು ಚೆಂದ, ಮೇಲೆ ಚಿತ್ತಾರ ಬರೆದಂಥ ಬೀಜ. ಎರಡು ದಿನ ವಾಂತಿ, ರಕ್ತಭೇದಿ. ಬದುಕಿದ್ದು ಹೇಗೋ ಗೊತ್ತಿಲ್ಲ. ಮೂರನೆಯ ದಿನ ನಾನು ಕಣ್ಣು ಬಿಟ್ಟಾಗ ಅವ್ವ ಅಳುತ್ತಿರಲಿಲ್ಲ, ಏನೋ ತೀರ್ಮಾನ ಮಾಡಿದವಳ ಹಾಗೆ ಕೂತಿದ್ದಳು. ಚಳ್ಳಕೆರೆಯ ಗೋಡೌನಿನ ಸುದ್ದಿ ಅವಳಿಗೆ ಯಾರೋ ಹೇಳಿದ್ದರು. ಮೂರು ಹೊತ್ತು ಊಟ, ಇಸ್ಕೂಲು. ಆದರೆ ತಂದೆ ತಾಯಿ ಇಬ್ಬರೂ ಇಲ್ಲದವರಿಗೆ ಮಾತ್ರ, ಒಬ್ಬರಿದ್ದರೂ ಸೇರಿಸಿಕೊಳ್ಳುವುದಿಲ್ಲ. ದಾನಿಗಳ ಕಟ್ಟಳೆ ಅದು.

ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸುವಾಗ ಅವ್ವ ಒಂದು ಪೊಟ್ಟಣ ಮಂಡಕ್ಕಿ ಕೊಂಡಳು. ಬಸ್ಸು ಹೊರಟ ಮೇಲೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಇವತ್ತಿಂದ ನಾನು ನಿಮ್ಮತ್ತೆ. ನಿಮ್ಮಪ್ಪನ ತಂಗಿ. ಏನಂತ ಕರೀತೀಯಾ?" ಎಂದಳು. "ಅವ್ವ" ಎಂದೆ. "ಅಲ್ಲ. ಇನ್ನೊಂದ್ಸಲ." ಅತ್ತೆ ಎಂದು ಸರಿಯಾಗಿ ಹೇಳಿದಾಗಲೆಲ್ಲ ಅಂಗೈಗೆ ಒಂದು ಹಿಡಿ ಮಂಡಕ್ಕಿ ಬೀಳುತ್ತಿತ್ತು, ತಪ್ಪಿದರೆ ಇಲ್ಲ. ನನಗೆ ಅದು ಆಟ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಸೋದರತ್ತೆ ಅಂದ್ರೆ ಹುಡ್ಗಿಗೆ ಎಷ್ಟು ಪಿರೂತಿ" ಎಂದು ನಕ್ಕಳು. ಚಳ್ಳಕೆರೆ ಬರುವ ಹೊತ್ತಿಗೆ ಪೊಟ್ಟಣ ಖಾಲಿಯಾಗಿತ್ತು. ನನ್ನ ನಾಲಗೆ ಪಳಗಿತ್ತು.

ಟೀಚರಮ್ಮ ಫಾರಂ ತುಂಬಲು ಕೂತರು. ಕಾಗದಪತ್ರ ಕೇಳುವ ಬಿಗಿ ಆಗ ಇರಲಿಲ್ಲ. ಕರೆತಂದವರ ಮಾತು, ಒಂದು ಹೆಬ್ಬೆಟ್ಟು, ಅಷ್ಟು ಸಾಕಿತ್ತು. ತಂದೆಯದನ್ನು ಅವ್ವ ಇದ್ದಂತೆಯೇ ಹೇಳಿದಳು. "ತಾಯಿ?" ಎಂದರು ಟೀಚರಮ್ಮ. "ಅವಳೂ ಹೋದ್ಳು." "ಏನಾಗಿತ್ತು?" ಅವ್ವ ಅದನ್ನು ಯೋಚಿಸಿಕೊಂಡು ಬಂದಿರಲಿಲ್ಲ. "ಹೊಟ್ಟೆನೋವು ಕಣ್ರವ್ವ. ಒಂದ್ವಾರ ಒದ್ದಾಡಿ ಒದ್ದಾಡಿ ಪ್ರಾಣ ಬಿಟ್ಲು. ಕಡೀಗಳಿಗೇಲೂ ಮಗಳ ಹೆಸ್ರೇ ಹಿಡ್ಕಂಡಿದ್ಲು" ಎಂದಳು. ತನ್ನ ಸಾವನ್ನು ತಾನೇ ಹೇಳುತ್ತ ಅವಳಿಗೆ ನಿಜವಾಗಿಯೂ ಅಳು ಬಂತು. ಟೀಚರಮ್ಮನೂ ಸೆರಗಿನಿಂದ ಕಣ್ಣೊತ್ತಿಕೊಂಡರು. ಸತ್ತವಳ ಹೆಸರು ಕೇಳಿದಾಗ ತನ್ನ ನಿಜವಾದ ಹೆಸರನ್ನೇ ಹೇಳಿದಳು, ಓಬಕ್ಕ. ತನ್ನದು ಪಾಲಮ್ಮ ಎಂದು ಬರೆಸಿದಳು. ಬಹಳ ವರ್ಷಗಳ ಮೇಲೆ ನಾನು ಕೇಳಿದೆ, ಸತ್ತವಳಿಗೆ ಸುಳ್ಳು ಹೆಸರು ಕೊಡಬಹುದಿತ್ತಲ್ಲ ಎಂದು. "ಹೆತ್ತೋಳ ಹೆಸ್ರು ಸುಳ್ಳಾದ್ರೆ ನಿಂಗೆ ಯಾರೂ ಇಲ್ದಂಗಾಗ್ತದಲ್ಲ ಮಗಾ" ಎಂದಳು. ಲೋಕಜ್ಞಾನ ಇದ್ದವರು ಯಾರೂ ಹಾಗೆ ಮಾಡುವುದಿಲ್ಲ. ಮಗಳಿಗೆ ನಿಜವಾದ ತಾಯಿ ಉಳಿಯಲಿ ಎಂದು ತಾಯಿಯನ್ನೇ ಸಾಯಿಸಿದಳು.

ನನ್ನನ್ನು ಬಿಟ್ಟು ಹೊರಡುವಾಗ ಗೇಟಿನ ಹತ್ತಿರ ನನ್ನ ತಲೆ ಸವರಿ, "ಏಡ್ವಾಕು" ಎಂದಳು. ಅಳಬೇಡ ಎಂಬ ಆ ತೆಲುಗು ಮಾತು ನಮ್ಮ ಕಡೆ ಎರಡೂ ಭಾಷೆಯವರ ಬಾಯಲ್ಲೂ ಇದೆ. ಮೊದಲ ವರ್ಷ ತಿಂಗಳಿಗೊಂದು ಭಾನುವಾರ ಅತ್ತೆಯಾಗಿ ಬಂದು ಹೋಗುತ್ತಿದ್ದಳು. ಆಮೇಲೆ ಅಡುಗೆಯ ಹೆಂಗಸು ಕೆಲಸ ಬಿಟ್ಟಳು, ಟೀಚರಮ್ಮ ಕೇಳಿದರು, ಅವ್ವ ಒಂದು ಗಂಟು ಸೀರೆ ತೆಗೆದುಕೊಂಡು ಬಂದು ಗೋಡೌನಿನ ಹಿಂದಿನ ಅಡುಗೆಮನೆ ಸೇರಿಕೊಂಡಳು. ನನಗಾದ ಸಂತೋಷ ಹೇಳತೀರದು. ಅದು ಎರಡೇ ದಿನ. ಅಡುಗೆಯವಳಿಗೆ ನಲವತ್ತು ಮಕ್ಕಳೂ ಒಂದೇ ಎಂದು ಎಲ್ಲರ ಕಣ್ಣಿಗೂ ಕಾಣಬೇಕಲ್ಲ, ಆದ್ದರಿಂದ ಅವಳು ನನಗೆ ಎಲ್ಲರಿಗಿಂತ ಕಡಿಮೆ ಬಡಿಸುತ್ತಿದ್ದಳು. ಬೇರೆಯವರಿಗೆ ಮುದ್ದೆಯ ಮೇಲೆ ಸಾರು ತುಳುಕಿದರೆ ನನಗೆ ಸೌಟು ಅರ್ಧಕ್ಕೇ ತಿರುಗುತ್ತಿತ್ತು. "ಪಾಲಮ್ಮ, ನಿನ್ನ ಸೊಸೆಗೆ ಇನ್ನೊಂದು ಚೂರು ಹಾಕು" ಎಂದು ಟೀಚರಮ್ಮನೇ ಹೇಳಬೇಕಾಗುತ್ತಿತ್ತು. ನಮ್ಮಿಬ್ಬರ ಮುಖ ಒಂದೇ ಅಚ್ಚು. ಬಂದವರೆಲ್ಲ ಅದನ್ನು ಕಂಡು, ಸೋದರತ್ತೆಯ ಹೋಲಿಕೆ ಅಂದರೆ ಹೀಗಿರಬೇಕು ಎಂದು ಹೊಗಳಿ ಹೋಗುತ್ತಿದ್ದರು.

ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಗೋಡೌನಿನ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ನಾನು ಅವಳಿಗೆ ಬಟ್ಟೆ ಹಿಂಡಿಕೊಡಲು ಹೋಗುತ್ತಿದ್ದೆ. ಉಳಿದ ಮಕ್ಕಳು ಆಗ ಪ್ರಾರ್ಥನೆಯ ಹಾಡು ಕಲಿಯುತ್ತಿದ್ದರು. ಅತ್ತ ಇತ್ತ ನೋಡಿ ಅವಳು, "ಈಗ ಅನ್ನು" ಎನ್ನುತ್ತಿದ್ದಳು. ನಾನು "ಅವ್ವ" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದಳು. ಅಷ್ಟೇ. ಒಂದು ಸಲ ಕರೆಯುವುದು, ಒಂದು ಸಲ ಓಗೊಡುವುದು, ಮತ್ತೆ ಬಟ್ಟೆ ಒಗೆಯುವುದು. ನಮ್ಮ ಕಡೆ ಚಿಕ್ಕ ಹೆಣ್ಣುಮಕ್ಕಳನ್ನೂ ಅವ್ವ ಎಂದೇ ಮಾತಾಡಿಸುತ್ತಾರೆ. ಅವಳು ನನ್ನನ್ನು ದಿನವಿಡೀ ಎಲ್ಲರೆದುರು "ಬಾರವ್ವ, ಉಣ್ಣವ್ವ" ಎನ್ನಬಹುದಾಗಿತ್ತು. ನನಗೆ ಮಾತ್ರ ವಾರಕ್ಕೆ ಒಂದೇ. ಆ ಒಂದಕ್ಕಾಗಿ ನಾನು ಸೋಮವಾರದಿಂದಲೇ ಕಾಯುತ್ತಿದ್ದೆ.

ಗಂಗಿ ಬಂದದ್ದು ನನಗೆ ಎಂಟು ವರ್ಷವಾಗಿದ್ದಾಗ. ಗೌರಸಮುದ್ರದ ಕಡೆಯ ಮೂರು ವರ್ಷದ ಕೂಸು, ಹಿಂದೆ ಮುಂದೆ ನಿಜವಾಗಿಯೂ ಯಾರೂ ಇಲ್ಲ. ಬಂದ ದಿನವೇ ಅಡುಗೆಮನೆಗೆ ನಡೆದು ನನ್ನ ಅವ್ವನ ಸೆರಗು ಹಿಡಿದು "ಅವ್ವಾ" ಎಂದಿತು. ಅವ್ವ ನನ್ನ ಕಡೆ ನೋಡಿದಳು. ಬಿಡಿಸಿಕೊಳ್ಳಲು ಹೋದಾಗ ಟೀಚರಮ್ಮ, "ಅನ್ನಲಿ ಬಿಡು ಪಾಲಮ್ಮ. ಯಾರನ್ನಾದರೂ ಅನ್ನಬೇಕಲ್ಲ" ಎಂದರು. ಅಲ್ಲಿಂದ ಗಂಗಿ ಹಗಲೆಲ್ಲ ಅವಳ ಸೊಂಟದ ಮೇಲೆ, ಬಾಯಲ್ಲಿ ಮೂರು ಹೊತ್ತೂ ಅವ್ವಾ ಅವ್ವಾ. ತಾಯಿ ಇಲ್ಲದವಳಿಗೆ ಇದ್ದ ಸ್ವಾತಂತ್ರ್ಯ ತಾಯಿ ಇದ್ದ ನನಗಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಕೂಸಿಗೆ ಕಲೆ ಕಾಣದ ಜಾಗ ಹುಡುಕಿ, ತೊಡೆಯ ಒಳಗೆ, ಚಿವುಟುತ್ತಿದ್ದೆ. ಅದು ಅಳುತ್ತ ಓಡಿಹೋಗಿ ನನ್ನ ಅವ್ವನ ಮಡಿಲಲ್ಲಿಯೇ ಬೀಳುತ್ತಿತ್ತು. ಚಿವುಟಿದ್ದು ನನಗೇ ತಿರುಗುತ್ತಿತ್ತು.

ಇನ್ನು ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಗೆ ಊರಿನ ಮನೆಮನೆಯಲ್ಲೂ ತೀರಿಕೊಂಡವರಿಗೆ ಎಡೆ ಇಡುತ್ತಾರೆ, ಹೋಳಿಗೆಯ ವಾಸನೆ ಗೋಡೌನಿನ ತನಕ ಬರುತ್ತದೆ, ನಮ್ಮ ಮಕ್ಕಳು ಗೇಟಿನ ಸರಳು ಹಿಡಿದು ನಿಂತಿರುತ್ತಾರೆ. ಅದನ್ನು ನೋಡಲಾರದೆ ಟೀಚರಮ್ಮ ಒಂದು ವರ್ಷ ಗೋಡೌನಿನಲ್ಲೂ ಹಬ್ಬ ಶುರು ಮಾಡಿದರು. "ಎಡೆ ಇಡೋ ಕೈಯನ್ನ ಯಾರೂ ಅನಾಥ ಅನ್ನಬಾರದು. ನಿಮಗೂ ಹಿರಿಯರಿದ್ದಾರೆ" ಎಂದರು. ಪ್ರತಿ ಮಗುವಿಗೂ ಒಂದು ಬಾಳೆಲೆ. ತನ್ನ ಅಪ್ಪ ಅಮ್ಮನ ಹೆಸರು ಗಟ್ಟಿಯಾಗಿ ಹೇಳಿ ಎಲೆಗೆ ಬಡಿಸಬೇಕು, ಧೂಪ ಹಾಕಿ ಕೈಮುಗಿಯಬೇಕು. ಅದಕ್ಕಿಂತ ದೊಡ್ಡ ಮನಸ್ಸಿನ ಕೆಲಸವನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನೂ ಕಂಡಿಲ್ಲ. ಬದುಕಿರುವವರ ಹೆಸರಿನಲ್ಲಿ ಎಡೆ ಇಟ್ಟರೆ ಅವರ ಆಯುಸ್ಸು ತೀರುತ್ತದೆ ಎಂದು ನಮ್ಮ ಹಳ್ಳಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು.

ಅಪ್ಪನ ಹೆಸರು ಹೇಳಿ ಬಡಿಸಿದೆ. ತಾಯಿಯ ಹೆಸರಿಗೆ ಬಂದಾಗ ಬಾಯಿ ಕಚ್ಚಿಕೊಂಡಿತು. ಸಾಲಾಗಿ ಕೂತ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಟೀಚರಮ್ಮ ದುಃಖವಿರಬೇಕೆಂದು ಬೆನ್ನು ಸವರಿದರು. ನಾನು ಹೋಳಿಗೆ ಕೈಯಲ್ಲಿ ಹಿಡಿದು ಕಲ್ಲಿನಂತೆ ನಿಂತೆ. ಇನ್ನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರೆ ನಿಜ ಹೊರಗೆ ಬರುತ್ತಿತ್ತು, ಆ ಸಂಜೆಯೇ ನಾವಿಬ್ಬರೂ ದೇವಸಮುದ್ರದ ಬಸ್ಸಿನಲ್ಲಿರುತ್ತಿದ್ದೆವು, ಮತ್ತೆ ಆ ಬದು, ಆ ಔಡಲ ಗಿಡ. ಆಗ ಅಡುಗೆಮನೆಯ ಬಾಗಿಲಿಂದ ಅವ್ವ ಎಲ್ಲರಿಗೂ ಕೇಳುವಂತೆ, "ಇಡವ್ವಾ. ನಿಮ್ಮವ್ವ ಬೆಳಗಿಂದ ಹಸ್ಕಂಡಿರ್ತಾಳೆ" ಎಂದಳು. ಎಡೆ ಆಗುವ ತನಕ ಅಡುಗೆ ಮಾಡಿದವರು ಒಂದು ತೊಟ್ಟು ನೀರೂ ಕುಡಿಯುವಂತಿಲ್ಲ. ಅವಳ ತುಟಿ ಒಣಗಿ ಬಿರಿದಿತ್ತು. ನಾನು "ಓಬಕ್ಕ" ಎಂದು ಹೇಳಿ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟೆ. ಆಮೇಲೆ ಪಾತ್ರೆ ತರುವ ನೆಪದಲ್ಲಿ ಅಡುಗೆಮನೆಗೆ ಹೋದರೆ ಅವಳು ನಾನಿಟ್ಟ ಎಲೆಯನ್ನೇ ಮುಂದೆ ಎಳೆದುಕೊಂಡು ಉಣ್ಣುತ್ತಿದ್ದಳು. "ನಂಗಿಟ್ಟಿದ್ದು ನಾನೇ ಉಂಡ್ರೆ ಯಾವ ದೋಸಾನೂ ಇಲ್ಲ. ತಿಳ್ಕ" ಎಂದು ನಕ್ಕಳು. ನನ್ನನ್ನು ಸಮಾಧಾನ ಮಾಡಲು ಆಗಲೇ ಹೊಸೆದ ಶಾಸ್ತ್ರ ಅದು. ನಾನು ನಂಬಲಿಲ್ಲ. ಅಲ್ಲಿಂದ ಪ್ರತಿ ವರ್ಷ ಹಬ್ಬದ ಮಾರನೆಯ ಬೆಳಿಗ್ಗೆ ಎದ್ದ ತಕ್ಷಣ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಬರುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಕೊಂಡ್ಲಹಳ್ಳಿಯ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಐದು ವರ್ಷವಿದ್ದೀತು, ತಲೆ ಬೋಳಿಸಿದ್ದರು, ಅಳತೆ ಮೀರಿದ ಲಂಗವನ್ನು ಎದೆಗೆ ಕಟ್ಟಿಕೊಂಡಿತ್ತು. ಅಜ್ಜಿ ಅದನ್ನು ಸಣ್ಣಿ ಎಂದು ಕರೆಯುತ್ತಿದ್ದಳು. ತಂದೆ ತಾಯಿ ಇಬ್ಬರೂ ಒಂದೇ ವರ್ಷದಲ್ಲಿ ಹೋಗಿದ್ದರು, ಅಜ್ಜಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಟೀಚರಮ್ಮ ರಿಜಿಸ್ಟರನ್ನು ಹಿಂದೆ ಮುಂದೆ ತಿರುವಿದರು. "ನಲವತ್ತಕ್ಕೆ ಮಾತ್ರ ಒಪ್ಪಿಗೆ ಕಣಜ್ಜಿ. ನಲವತ್ತೂ ತುಂಬಿದೆ. ಮುಂದಿನ ವರ್ಷ ಇಬ್ಬರು ದೊಡ್ಡವರು ಹೊರಗೆ ಹೋಗ್ತಾರೆ, ಆಗ ಕರ್ಕೊಂಡು ಬಾ." ಅಜ್ಜಿ, "ಮುಂದಿನ್ವರ್ಸ ಅಂದ್ರೆ ಎಷ್ಟು ದಿನ ಆಗ್ತೈತೆ ತಾಯಿ?" ಎಂದು ಕೇಳಿದಳು. ಟೀಚರಮ್ಮ ಇಬ್ಬರಿಗೂ ಊಟ ಹಾಕಿ ಕಳಿಸಲು ಹೇಳಿ ಒಳಗೆ ಹೋದರು. ಅವ್ವನೇ ಬಡಿಸಿದಳು. ಸಣ್ಣಿ ನನ್ನ ಪಕ್ಕದಲ್ಲಿ ಕೂತು, ಅನ್ನ ಮುಗಿದ ಮೇಲೂ ತಟ್ಟೆಯನ್ನು ಬೆರಳಿನಿಂದ ಒರೆಸಿ ಒರೆಸಿ ನೆಕ್ಕಿತು. ಹೊರಡುವಾಗ ಅವ್ವ ಒಂದು ಬಟ್ಟೆಯಲ್ಲಿ ಅಕ್ಕಿ ಕಟ್ಟಿಕೊಟ್ಟಳು, ಗೇಟಿನ ತನಕ ಹೋದಳು, ತಿರುಗಿ ಬಂದು ಟೀಚರಮ್ಮನ ರೂಮಿನ ಬಾಗಿಲ ತನಕ ಹೋಗಿ, ಆಮೇಲೆ ನನ್ನ ಮುಖ ನೋಡದೆ ಒಲೆಯ ಮುಂದೆ ಕೂತಳು.

ಮಾರನೆಯ ವರ್ಷ ಯುಗಾದಿ ಕಳೆದ ಮೇಲೆ ಅಜ್ಜಿ ಬಂದಳು. ಒಬ್ಬಳೇ. ಟೀಚರಮ್ಮ ಮಾತು ಮರೆತಿರಲಿಲ್ಲ, ಜಾಗ ಹಿಡಿದಿಟ್ಟಿದ್ದರು. "ಎಲ್ಲಿ ಹುಡುಗಿ?" ಎಂದರು. "ಹೋದ್ಳವ್ವ" ಎಂದಳು ಅಜ್ಜಿ, ಅತ್ತಲಿನ ಬೀದಿಗೆ ಹೋದಳು ಎಂಬಷ್ಟು ಸಲೀಸಾಗಿ. "ಮಳೆಗಾಲದಾಗೆ. ವಾಂತಿಭೇದಿ ಆತು, ಮೈಯಾಗೆ ಏನೂ ಇರ್ಲಿಲ್ಲ, ಒಂದಿನಾನೂ ತಡೀಲಿಲ್ಲ. ಅವತ್ತು ಇಲ್ಲಿ ಉಂಡಿದ್ನ ಬೋ ದಿನ ನೆನೀತಿತ್ತು. ಅದ್ಕೇ ಹೇಳೋಗಾಣ ಅಂತ ಬಂದೆ." ತಂದಿದ್ದ ಒಂದು ಸೇರಿನಷ್ಟು ಸಜ್ಜೆಯ ಗಂಟನ್ನು ಅವ್ವನ ಕೈಗೆ ಕೊಟ್ಟಳು, ಊಟ ಹಾಕಿದ ಋಣಕ್ಕೆ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಂದು ಸಾರಿಗೆ ಉಪ್ಪು ಹಾಕಿರಲಿಲ್ಲ.

ಆ ಭಾನುವಾರ ಒಗೆಯುವ ಕಲ್ಲಿನ ಹತ್ತಿರ ಅವಳು "ಈಗ ಅನ್ನು" ಎನ್ನಲಿಲ್ಲ. ನಾನೇ ಅಂದೆ. "ಅವ್ವ." ಓಗೊಡಲಿಲ್ಲ. ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಲೇ ಹೇಳಿದಳು: "ಅವತ್ತು ಅಜ್ಜಿ ಆ ಕೂಸಿನ ಕೈ ಹಿಡ್ಕಂಡು ಗೇಟು ದಾಟಿದ್ಮ್ಯಾಲೆ ಟೀಚರಮ್ಮಗೆ ಹೇಳ್ಬೇಕು ಅಂತ ರೂಮಿನ ಬಾಗ್ಲಿಗೋದೆ ಮಗಾ. ನಾನು ಬದುಕಿದೀನಿ, ನನ್ಮಗಳನ್ನ ಕರ್ಕಂಡು ಹೋಗ್ತೀನಿ, ಈ ಕೂಸಿಗೆ ಜಾಗ ಕೊಡ್ರಿ ಅಂತ. ಬಾಯಿಗೆ ಬಂದಿತ್ತು. ತಿರುಗಿ ನೋಡಿದ್ರೆ ನೀನು ಉಣ್ತಿದ್ದೆ." ಸ್ವಲ್ಪ ಹೊತ್ತು ನೀರು ಹಿಂಡಿದಳು. "ಉಣ್ಲಿ ಅಂತ ಸುಮ್ಕಾದೆ." ನನಗೆ ಆಗ ಹನ್ನೆರಡು ವರ್ಷ. ಅವಳ ಸೆರಗು ಹಿಡಿದುಕೊಂಡೆ. ಅವಳು ಅದನ್ನು ಮೆಲ್ಲಗೆ ಬಿಡಿಸಿ, "ಇನ್ಮ್ಯಾಲೆ ನನ್ನ ಅವ್ವ ಅನ್ಬ್ಯಾಡ. ಇಲ್ಲೂ ಅನ್ಬ್ಯಾಡ, ಎಲ್ಲೂ ಅನ್ಬ್ಯಾಡ. ಆ ಕೂಸಿನ ಅನ್ನ ಕಿತ್ತು ನಿಂಗೆ ಉಣ್ಸಿದೀನಿ. ಅವ್ವ ಅನ್ನಿಸ್ಕಳಾ ಯೋಗ್ತಿ ನಂಗಿಲ್ಲ" ಎಂದಳು. ತಪ್ಪು ಅವಳದಲ್ಲ, ನಲವತ್ತು ಎಂಬ ಲೆಕ್ಕದ್ದು ಎಂದು ಇವತ್ತಿನ ನಾನು ವಾದಿಸಬಲ್ಲೆ. ಒಬ್ಬ ತಾಯಿಗೆ ಮಗುವನ್ನು ಸಾಕಲು ಸತ್ತುಹೋಗಬೇಕು ಎಂದು ಹೇಳುವ ದಯೆ ಎಂಥ ದಯೆ ಎಂದೂ ಕೇಳಬಲ್ಲೆ. ಸಿಟ್ಟು ಬಂದಾಗ ಕೇಳಿಕೊಳ್ಳುತ್ತೇನೆ ಕೂಡ. ಆದರೆ ಸಣ್ಣಿ ತಟ್ಟೆ ಒರೆಸಿದ ಬೆರಳು ನನ್ನ ಕಣ್ಣ ಮುಂದೆ ಬಂದರೆ ಆ ವಾದಗಳೆಲ್ಲ ಬಿದ್ದುಹೋಗುತ್ತವೆ. ಆ ವರ್ಷದ ಹಿರಿಯರ ಹಬ್ಬದಲ್ಲಿ ಅಡುಗೆಮನೆಯ ಮೂಲೆಯಲ್ಲಿ ಒಂದು ಚಿಕ್ಕ ಎಲೆ ಹೆಚ್ಚಾಗಿ ಬಿದ್ದಿತ್ತು. ಅದನ್ನು ಅವ್ವ ಯಾರಿಗೂ ಮುಟ್ಟಗೊಡಲಿಲ್ಲ, ಕಾಗೆಗೇ ಇಟ್ಟಳು.

ನಾನು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಟೀಚರಮ್ಮ ತೀರಿಕೊಂಡರು. ದಾನಿಗಳ ಸಂಘವೂ ಬೇರೆ ಕೆಂಪು ಚುಕ್ಕೆಗಳ ಕಡೆ ತಿರುಗಿತು. ಮಕ್ಕಳು ಚೆದುರಿಹೋದರು, ಗೋಡೌನನ್ನು ಕೆಡವಿದರು. ಹೆಲೆನ್ ಮಾತ್ರ ನನ್ನನ್ನು ಬಿಡಲಿಲ್ಲ, ನರ್ಸಿಂಗ್ ಓದಿಸಿದರು. ತಂದೆತಾಯಿ ಇಲ್ಲದ ಹುಡುಗಿ ಎಂದೇ ಓದಿಸಿದರು, ಅರ್ಜಿಯಲ್ಲಿ ತಾಯಿಯ ಹೆಸರಿನ ಮುಂದೆ ನಾನೇ ನನ್ನ ಕೈಯಾರೆ 'ದಿವಂಗತ' ಎಂದು ಬರೆದೆ. ನೌಕರಿ ಸಿಕ್ಕಿದ ಮೇಲೆ ನನ್ನ ಜೊತೆ ಬಂದಿರು ಎಂದು ಅವ್ವನನ್ನು ಕರೆದೆ. "ನಿನ್ನ ಕಾಗದದಾಗೆ ನಾನು ಸತ್ತೀನಿ. ಹಂಗೇ ಇರ್ಲಿ. ಯಾರಾನ ನೋಡಿ ನಿನ್ನನ್ನಕ್ಕೆ ಕಲ್ಲು ಹಾಕ್ಯಾರು" ಎಂದಳು. ಗಂಗಿಯನ್ನು ಕರೆದುಕೊಂಡು ಮೊಳಕಾಲ್ಮೂರು ಸೇರಿದಳು. ಗಂಗಿ ಮಗ್ಗದ ಮನೆಯಲ್ಲಿ ರೇಷ್ಮೆ ಸೀರೆ ನೇಯುವುದು ಕಲಿತಳು, ಅವ್ವ ಅವಳಿಗೆ ನೂಲು ಸುತ್ತಿಕೊಡುತ್ತ ಕೂರುತ್ತಿದ್ದಳು. ರಜೆ ಸಿಕ್ಕಾಗ ನಾನು ಹೋಗುತ್ತಿದ್ದೆ, ಹಣ್ಣು ಒಯ್ಯುತ್ತಿದ್ದೆ. "ಅತ್ತೆ, ಹೆಂಗಿದೀಯ?" ಎನ್ನುತ್ತಿದ್ದೆ. ಕೋಣೆಯಲ್ಲಿ ನಾವಿಬ್ಬರೇ ಇ‌ದ್ದಾಗ ಒಂದೆರಡು ಸಲ ಆ ಇನ್ನೊಂದು ಮಾತನ್ನು ಆಡಲು ಬಾಯಿ ತೆರೆದದ್ದುಂಟು. ಅವಳು ನೂಲಿನಿಂದ ಕಣ್ಣೆತ್ತಿ ನೋಡುತ್ತಿದ್ದಳು. ಬೇಡ ಎನ್ನುವ ನೋಟವೋ ಬೇಕು ಎನ್ನುವ ನೋಟವೋ, ಇಂದಿಗೂ ತಿಳಿದಿಲ್ಲ. ಮಾತು ಹೊರಡುತ್ತಿರಲಿಲ್ಲ. ಗಂಗಿಗೆ ನಾವು ಏನನ್ನೂ ಹೇಳಿರಲಿಲ್ಲ.

ಅವ್ವ ಹೋದದ್ದು ಎದೆನೋವಿನಿಂದ, ನೂಲು ಸುತ್ತುತ್ತ ಕೂತಲ್ಲಿಯೇ. ಸುದ್ದಿ ತಿಳಿದು ಮೊಳಕಾಲ್ಮೂರಿಗೆ ನಾನು ತಲುಪಿದಾಗ ಮಧ್ಯಾಹ್ನ. ಮನೆಯ ಮುಂದೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಗಂಗಿ ತಲೆಗೂದಲು ಕೆದರಿಕೊಂಡು ಅವಳ ಎದೆಯ ಮೇಲೆ ಬಿದ್ದು "ಅವ್ವಾ, ನನ್ನವ್ವಾ" ಎಂದು ಬೀದಿ ನಡುಗುವಂತೆ ಅಳುತ್ತಿದ್ದಳು. ಅವಳ ಅಳುವಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ನಾನು ಅವ್ವನ ತಲೆಯ ಹತ್ತಿರ ಕೂತು, ತಣ್ಣಗಾದ ಹಣೆಯ ಮೇಲೆ ಕೈಯಿಟ್ಟೆ. ಪಕ್ಕದ ಬೀದಿಯ ಮುದುಕಿಯೊಬ್ಬಳು, ಶಾಸ್ತ್ರ ಮಾಡಿಸುತ್ತಿದ್ದವಳು, ನೀರಿನ ಚೊಂಬು ಹಿಡಿದು ಬಂದು ನನ್ನನ್ನು ನೋಡಿದಳು. "ನೀನೇನಾಗ್ಬೇಕವ್ವಾ ಇವಳಿಗೆ?"

ಈಗ ಯಾರ ಭಯವೂ ಇರಲಿಲ್ಲ. ಟೀಚರಮ್ಮ ಇರಲಿಲ್ಲ, ಗೋಡೌನು ಇರಲಿಲ್ಲ, ಆ ಹೊತ್ತಿಗೆ ಹೆಲೆನ್‌ರ ಕಾಗದಗಳೂ ನಿಂತುಹೋಗಿದ್ದವು. ನನ್ನ ತಟ್ಟೆಯನ್ನು ಕಿತ್ತುಕೊಳ್ಳುವವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ನಾನು ಬಾಯಿ ತೆರೆದೆ. "ಅಣ್ಣನ ಮಗಳು" ಎಂದೆ. "ನಂಗೆ ಸೋದರತ್ತೆ ಆಗ್ಬೇಕು."

ಮುದುಕಿ ತಲೆಯಾಡಿಸಿದಳು. "ಹಂಗಾದ್ರೆ ವಸಿ ಸರ್ಕಳವ್ವಾ. ಮಗಳು ಬಾಯಿಗೆ ನೀರು ಬಿಡ್ಲಿ."

ನಾನು ಎದ್ದು ಗಂಗಿಗೆ ಜಾಗ ಬಿಟ್ಟೆ.